ವೈರಿ ಮನೆಯವಳು ಬರೆದ ಬಿ.ಪಿ.

ನನ್ನ ಬಿ.ಪಿ. ಏರಿದೆ ಎಂದು ಮೊದಲು ಹೇಳಿದವಳು ನಮ್ಮ ಮನೆಯ ವೈರಿ. ಆದ್ದರಿಂದ ನಮ್ಮಲ್ಲಿ ಯಾರೂ ಅದನ್ನು ನಂಬಲಿಲ್ಲ. ನಾನೂ ನಂಬಲಿಲ್ಲ.

ಆಗ ನನಗೆ ಇಪ್ಪತ್ತೊಂಬತ್ತು. ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡ ಅದೇ ಊರಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಚೊಚ್ಚಲ ಬಸಿರು. ಏಳು ತಿಂಗಳಿಗೆ ಕುಬಸದ, ಅಂದರೆ ಸೀಮಂತದ, ಕಾರ್ಯ ಮುಗಿಸಿ, ರಜೆ ಹಾಕಿ, ಹೆರಿಗೆಗೆಂದು ತವರಿಗೆ ಬಂದೆ. ತವರು ಎಂದರೆ ರಾಮದುರ್ಗ ತಾಲೂಕಿನ ಸುರೇಬಾನ.

ನಮ್ಮ ಮನೆಗೂ ಓಣಿಯ ಆಚೆ ಬದಿಯ ಮನೆಗೂ ಹದಿನೆಂಟು ವರ್ಷದಿಂದ ಮಾತಿರಲಿಲ್ಲ. ಹೊಲ ಅಕ್ಕಪಕ್ಕ, ನಡುವೆ ಒಂದು ಬದು. ಬದುವಿನ ಮೇಲಿನ ಬೇವಿನ ಗಿಡವನ್ನು ಅವರು ಕಡಿದರು ಎಂದು ಅಪ್ಪ, ಬದುವಿನ ಕಲ್ಲನ್ನು ಅಪ್ಪ ಸರಿಸಿದ ಎಂದು ಅವರು. ರಾಮದುರ್ಗದ ಕೋರ್ಟಿನಲ್ಲಿ ಕೇಸು ನಡೆದೇ ಇತ್ತು. ಕಲ್ಲನ್ನು ಸರಿಸಿದ್ದು ಅಪ್ಪನೇ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ನಾನು ಪಿಯುಸಿ ಓದುತ್ತಿದ್ದಾಗ ಆ ಮನೆಗೆ ಸೊಸೆ ಬಂದಳು. ಮದುವೆಯ ಮೆರವಣಿಗೆ ನಮ್ಮ ಓಣಿಗೆ ಬರುವ ಹೊತ್ತಿಗೆ ಅಪ್ಪ ಟ್ರ್ಯಾಕ್ಟರನ್ನು ದಾರಿಗೆ ಅಡ್ಡ ನಿಲ್ಲಿಸಿ ಕೀಲಿಯನ್ನು ಕಿಸೆಗೆ ಹಾಕಿಕೊಂಡ. ಬಾಜಾ ನಿಂತಿತು. ತುಸು ಹೊತ್ತು ಬೈದಾಟ ನಡೆಯಿತು. ಕೊನೆಗೆ ಬಾಸಿಂಗ ಕಟ್ಟಿಕೊಂಡಿದ್ದ ಆ ಹುಡುಗಿ ಸೀರೆಯ ನಿರಿಗೆ ಎತ್ತಿ ಹಿಡಿದು, ಹಿತ್ತಲ ಗಟಾರು ದಾಟಿ ಗಂಡನ ಮನೆ ಸೇರಿದಳು. ನಾನು ಮಾಳಿಗೆಯ ಮೇಲೆ ನಿಂತು ನೋಡುತ್ತಿದ್ದೆ. ಅವಳ ಕಾಲು ಕೆಸರಿನಲ್ಲಿ ಜಾರಿದಾಗ ಜೋರಾಗಿ ನಕ್ಕೆ. ಅವಳು ತಲೆ ಎತ್ತಿ ನೋಡಿದಳು.

ಅವಳು ನರ್ಸಿಂಗ್ ಓದಿದವಳು. ಮುಂದೆ ನಮ್ಮೂರ ಭಾಗಕ್ಕೇ ನೌಕರಿ ಸಿಕ್ಕಿತು. ಊರೆಲ್ಲ ಅವಳನ್ನು ನರ್ಸಬಾಯಿ ಎನ್ನುತ್ತಿತ್ತು. ನಮ್ಮ ಮನೆಯಲ್ಲಿ ಮಾತ್ರ ಅವಳಿಗೆ ಹೆಸರಿರಲಿಲ್ಲ, 'ಆಕಿ' ಅಷ್ಟೇ. ಬಸುರಿಯರ ಮನೆಗೆ ಹೋಗಿ ತಪಾಸಣೆ ಮಾಡುವುದು ಅವಳ ಕೆಲಸ. ನಾನು ತವರಿಗೆ ಬಂದ ವಾರದಲ್ಲೇ ನಮ್ಮ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಚೀಲ, ಮುಖದಲ್ಲಿ ಯಾವ ಭಾವವೂ ಇಲ್ಲ.

"ತಾಯಿ ಕಾರ್ಡ್ ತರ್ರಿ. ಕೈ ಚಾಚ್ರಿ."

ಅವಳಿಗಿಂತ ನಾಲ್ಕೈದು ವರ್ಷ ಸಣ್ಣವಳು ನಾನು. ನಮ್ಮ ಓಣಿಯಲ್ಲಿ ಸಣ್ಣವರಿಗೆ 'ರೀ' ಹಚ್ಚಿ ಮಾತಾಡಿದರೆ ಅದು ಮರ್ಯಾದೆಯಲ್ಲ, 'ನೀನು ನಮ್ಮವಳಲ್ಲ' ಎಂದು ಹೇಳುವ ರೀತಿ. ಅವ್ವ ರೂಢಿಯಂತೆ ತಂಬಿಗೆಯಲ್ಲಿ ನೀರು ತಂದಿಟ್ಟಳು. ಅವಳು ಅದರತ್ತ ನೋಡಲೂ ಇಲ್ಲ. ರಟ್ಟೆಗೆ ಪಟ್ಟಿ ಸುತ್ತಿ ಗಾಳಿ ಹೊಡೆದಳು, ಕಿವಿಗೆ ಕೊಳವೆ ಹಚ್ಚಿಕೊಂಡು ಕೇಳಿದಳು, ಹುಬ್ಬು ಗಂಟಿಕ್ಕಿದಳು. ಹತ್ತು ನಿಮಿಷ ಎಡಮಗ್ಗುಲಿಗೆ ಮಲಗಿಸಿ ಮತ್ತೊಮ್ಮೆ ನೋಡಿದಳು.

"ನೂರಾ ಐವತ್ತು, ಕೆಳಗ ನೂರು. ಭಾಳ ಆತು."

ನನ್ನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟಳು. ಅಲ್ಲಿ ಬಿದ್ದ ಗುಳಿ ಹಾಗೇ ಉಳಿಯಿತು. ಬೆರಳಿನ ಉಂಗುರ ತೆಗೆಯಲು ಹೇಳಿದಳು, ಅದು ಬರಲಿಲ್ಲ.

"ಇವತ್ತ ರಾಮದುರ್ಗಕ್ಕ ಹೋಗಿ ಮೂತ್ರ ತಪಾಸಣಿ ಮಾಡಸ್ರಿ, ಡಾಕ್ಟರ್‌ಗೆ ತೋರಸ್ರಿ. ತಲಿಶೂಲಿ ಬಂದ್ರ, ಕಣ್ಣಿಗೆ ಮಿಂಚು ಹೊಡದ್ರ, ಎದಿ ಕೆಳಗ ನೋವಾದ್ರ ಕೂಡಬ್ಯಾಡ್ರಿ. ಕೂಸು ದಿನಕ್ಕ ಎಷ್ಟ ಸಲ ಒದೀತೈತಿ, ಲಕ್ಷ್ಯ ಇಡ್ರಿ. ನಿಮಗ ಮ್ಯಾಲಿಂದ ಏನೂ ಆಗಿಲ್ಲ ಅನಸತೈತಿ. ಒಳಗ ಕೂಸಿಗೆ ರಕ್ತ ಸಾಲದಂಗ ಆಗಿರತೈತಿ."

ಅಪ್ಪ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದ. "ಬೈಲಹೊಂಗಲದಾಗ ಹೋದ ತಿಂಗಳ ತೋರಿಸಿದ್ರು, ಬರೋಬರಿ ಇತ್ತು. ಇಲ್ಲಿ ಬಂದು ನೀ ಪಟ್ಟಿ ಕಟ್ಟಿದ ಕೂಡಲೇ ಏರತೇನು? ನಿಮ್ಮ ಮಾವನ ಕೋರ್ಟಿನ ಕಾಗದ ಇದ್ದಂಗ ಐತಿ ನಿನ್ನ ಮಶೀನು. ಬೇಕಾದ್ದು ಬರೀತೈತಿ."

ಅವಳು ಅಪ್ಪನ ಕಡೆ ತಿರುಗಲೇ ಇಲ್ಲ. ಕಾರ್ಡಿನಲ್ಲಿ ಕೆಂಪು ಪೆನ್ನಿನಿಂದ ಅಂಕಿ ಬರೆದು, ಅದರ ಸುತ್ತ ಒಂದು ಗೆರೆ ಎಳೆದಳು. "ನಾ ಬರದೇನಿ. ನಾಳೆ ಏನರ ಆದ್ರ ನಮಗ ಯಾರೂ ಹೇಳಲಿಲ್ಲ ಅನಬ್ಯಾಡ್ರಿ," ಎಂದು ಚೀಲ ಎತ್ತಿಕೊಂಡು ಹೊರಟಳು. ಅಪ್ಪ ಕಾರ್ಡನ್ನು ನನ್ನ ಕೈಯಿಂದ ಕಸಿದು ಅಟ್ಟದ ಮೇಲೆ ಒಗೆದ. ಅವ್ವ ಅವಳಿಗಿಟ್ಟ ನೀರನ್ನು ತುಳಸಿಕಟ್ಟೆಗೆ ಸುರಿದಳು.

ನಾನು ಹತ್ತನೇ ತರಗತಿಗೆ ರಕ್ತಪರಿಚಲನೆ ಕಲಿಸುವವಳು. ಹಲಗೆಯ ಮೇಲೆ ಹೃದಯದ ಚಿತ್ರ ಬರೆದು, ಕೆಂಪು ನೀಲಿ ಸೀಮೆಸುಣ್ಣದಲ್ಲಿ ಬಾಣ ಹಾಕಿ ತೋರಿಸುವವಳು. ರಾಮದುರ್ಗಕ್ಕೆ ಬಸ್ಸು ಹತ್ತಿ ಇನ್ನೊಂದು ಕಡೆ ಬಿ.ಪಿ. ನೋಡಿಸಲು ಅರ್ಧ ದಿನ ಸಾಕಿತ್ತು. ಹೋಗಲಿಲ್ಲ. ಅಪ್ಪ ಬೇಡ ಎಂದ ಎನ್ನುವುದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಅವಳು ಹೇಳಿದ್ದು ಸುಳ್ಳಾಗಲಿ ಎಂಬ ಆಸೆ ನನಗೂ ಇತ್ತು. ಅವಳ ಮುಂದೆ ಸೋಲುವುದು ನನಗೆ ಬೇಕಿರಲಿಲ್ಲ.

ನಾಲ್ಕು ದಿನ ಬಿಟ್ಟು ಅವಳು ಮತ್ತೆ ಬಂದಳು. ಅಪ್ಪ ತಲೆಬಾಗಿಲು ಹಾಕಿ ಒಳಗಿನಿಂದ ಚಿಲಕ ಇಟ್ಟ. ಅವಳು ಮೂರು ಸಲ ಬಾಗಿಲು ಬಡಿದಳು. ನಾನು ಒಳಗೆ ಶೇಂಗಾ ಹೋಳಿಗೆ ತಿನ್ನುತ್ತ ಕುಳಿತಿದ್ದೆ. ಉಸಿರು ಬಿಗಿಹಿಡಿದೆ, ದನಿ ಎತ್ತಲಿಲ್ಲ. ಆಮೇಲೆ ಅವಳು ನನ್ನ ಗಂಡನ ನಂಬರು ಹುಡುಕಿ ಬೈಲಹೊಂಗಲಕ್ಕೆ ಫೋನು ಮಾಡಿದಳು. ಗಂಡ ನನಗೆ ಮಾಡಿದ.

"ಯಾರೋ ಸಿಸ್ಟರ್ ಮಾತಾಡಿದ್ರು. ನಿನ್ನ ಬಿ.ಪಿ. ಏರೇತಂತ, ಲಗೂನ ದವಾಖಾನಿಗೆ ಕರಕೊಂಡ ಹೋಗ್ರಿ ಅಂದ್ರು. ಮಾವನವರನ್ನ ಕೇಳಿದ್ರ, ಅದು ಹಗೆತನದ ಮಾತು, ತಲಿ ಕೆಡಿಸಿಕೋಬ್ಯಾಡ್ರಿ ಅಂತಾರ. ನಿನಗ ಹ್ಯಾಂಗ ಅನಸತೈತಿ?"

"ನನಗೇನೂ ಆಗಿಲ್ಲ," ಎಂದೆ. ಈ ಎರಡು ಶಬ್ದಗಳನ್ನು ಹೇಳಿದ್ದು ನಾನೇ. ಅಪ್ಪನ ತಲೆಗೆ ಕಟ್ಟಲು ಬರುವುದಿಲ್ಲ.

ಅಲ್ಲಿಂದ ಹತ್ತು ದಿನ. ಮುಖ ಊದಿತು, ಕನ್ನಡಿಯಲ್ಲಿ ಕಣ್ಣು ಸಣ್ಣಗೆ ಕಂಡವು. "ಬಸರಿ ಅಂದ್ರ ಬಾವು ಬರೂದಾ," ಎಂದಳು ಅವ್ವ. ಬೆಳಿಗ್ಗೆ ಎದ್ದರೆ ತಲೆನೋವು, ಮುಲಾಮು ಹಚ್ಚಿ ಬಟ್ಟೆ ಬಿಗಿದಳು. ಚಪ್ಪಲಿ ಕಾಲಿಗೆ ಹೋಗದಾದಾಗ ಅಪ್ಪನ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿ ಅಡ್ಡಾಡಿದೆ. ಹೊಟ್ಟೆ ಮಾತ್ರ ದೊಡ್ಡದಾಗಲಿಲ್ಲ. ಓಣಿಯ ಹೆಂಗಸರು ನೋಡಿ, "ಏಳು ತಿಂಗಳ ತುಂಬೇತಿ ಅಂತೀರಿ, ಐದರ ಹೊಟ್ಟಿ ಇದ್ದಂಗ ಐತಲ್ಲ," ಎಂದರು. ಅದಕ್ಕೂ ನಮ್ಮಲ್ಲಿ ಉತ್ತರವಿತ್ತು. ನಮ್ಮ ಮನೆತನದ ಹೆಣ್ಣುಮಕ್ಕಳ ಹೊಟ್ಟೆ ಸಣ್ಣದೇ.

ಒಂದು ಮಧ್ಯಾಹ್ನ ಪಡಸಾಲೆಯಲ್ಲಿ ಕುಳಿತು ಪೇಪರ್ ಓದುತ್ತಿದ್ದೆ. ಅಕ್ಷರಗಳ ಮೇಲೆ ಸಣ್ಣ ಸಣ್ಣ ಕಿಡಿ ಹಾರಿದಂತಾಯಿತು. ಕಣ್ಣು ಉಜ್ಜಿಕೊಂಡೆ, ಹೋಗಲಿಲ್ಲ. ಆಗ ನೆನಪಾಯಿತು, ಬೆಳಿಗ್ಗೆಯಿಂದ ಕೂಸು ಒದ್ದಿಲ್ಲ. ಬೆಲ್ಲದ ನೀರು ಕುಡಿದು ಎಡಮಗ್ಗುಲಿಗೆ ಮಲಗಿದೆ. ಗೋಡೆಯ ಗಡಿಯಾರ ನೋಡುತ್ತ ಒಂದು ತಾಸು ಕಾದೆ. ಒಂದೇ ಒಂದು ಸಲ, ಅದೂ ಒದೆತವಲ್ಲ, ಮೀನು ಮಗ್ಗುಲು ಬದಲಿಸಿದಷ್ಟು. ಮತ್ತೆ ಸುಮ್ಮನಾಯಿತು.

ಅಪ್ಪ ಹೊಲದಲ್ಲಿದ್ದ. ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನಾನು ಎದ್ದು, ಅಪ್ಪನ ಚಪ್ಪಲಿಯಲ್ಲೇ ಓಣಿ ದಾಟಿದೆ.

ಅವಳ ಅತ್ತೆ ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ನನ್ನನ್ನು ಕಾಲಿಂದ ತಲೆಯವರೆಗೆ ನೋಡಿದಳು.

"ದಾರಿ ತಪ್ಪಿ ಬಂದೀಯೇನು?"

"ಸಿಸ್ಟರ್ ಅದಾರೇನ್ರಿ?"

"ಯಾರು? ನಿಮ್ಮಪ್ಪ ಗಟಾರ ದಾಟಿಸಿದಾಕಿನಾ?"

ನಾನು ಕಟ್ಟೆ ಹಿಡಿದುಕೊಂಡು ಕುಸಿದೆ. ಒಳಗಿನಿಂದ ಅವಳು ಎಂಜಲು ಕೈಯಲ್ಲೇ ಬಂದು ನನ್ನ ಮುಖ ನೋಡಿದಳು, ಕೈ ತೊಳೆದುಕೊಂಡು ಪಟ್ಟಿ ತಂದಳು. ಒಳಗೆ ಕರೆಯಲಿಲ್ಲ. ಕಟ್ಟೆಯ ಮೇಲೆ ಚಾಪೆ ಹಾಸಿ ಅಲ್ಲೇ ಮಲಗಿಸಿದಳು. "ನೂರಾ ಎಪ್ಪತ್ನಾಕು, ನೂರಾ ಹನ್ನೆರಡು," ಎಂದು ತನಗೆ ತಾನೇ ಹೇಳಿಕೊಂಡಳು. ಅಂಬ್ಯುಲೆನ್ಸಿಗೆ ಫೋನು ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಎರಡ ವಾರಾ ಆತು. ಎರಡ ವಾರಾ ಮನ್ಯಾಗ ಏನ್ ಮಾಡತಿದ್ದಿ?" ಎಂದಳು. ಈ ಸಲ 'ರೀ' ಇರಲಿಲ್ಲ.

ಯಾರೋ ಹೊಲಕ್ಕೆ ಸುದ್ದಿ ಮುಟ್ಟಿಸಿದ್ದರು. ಅಪ್ಪ ಮೋಟರ್‌ಸೈಕಲ್ ಮೇಲೆ ಬಂದು ಓಣಿಯ ನಡುವೆ ನಿಲ್ಲಿಸಿದ. ಮಂದಿ ಕೂಡಿತು.

"ಏಳು. ಇವರ ಕಟ್ಟಿ ಮ್ಯಾಲ ಮಲಗಾಕ ನಾಚಿಕಿ ಬರೂದಿಲ್ಲೇನು? ಮನಿಗೆ ನಡಿ."

"ನಾ ಬರೂದಿಲ್ಲ."

"ಆಕಿ ಅಂಜಿಸಿದ್ಲು, ನೀ ಅಂಜಿದಿ. ಊರ ಮುಂದ ನನ್ನ ಮಾನಾ ಕಳಿಯಾಕ ಕಾದಿದ್ಲು."

ಆಗ ಅವಳು ಎದ್ದು ನಿಂತಳು. ದನಿ ಏರಿಸಲಿಲ್ಲ, ಆದರೆ ಕಡೆಯ ಮನೆಯವರಿಗೂ ಕೇಳುವಂತೆ ಹೇಳಿದಳು. "ನಿಮಗ ಹೊಲದಾಗ ಒಂದು ಗೇಣು ಬದು ಸರಸೂದು ಕಾಣತೈತಿ. ಮಗಳ ಮಾರಿ ಕುಂಬಳಕಾಯಿ ಆಗಿದ್ದು ಕಾಣೂದಿಲ್ಲ. ಕೂಸು ಸತ್ತ ಮ್ಯಾಲ ಬರ್ರಿ, ಮಾನದ ಮಾತು ಆಡೂಣು."

ಅಪ್ಪ ಕೈ ಎತ್ತಿಕೊಂಡು ಮುಂದೆ ಬಂದ. ಇಬ್ಬರು ತಡೆದರು. ಅಷ್ಟರಲ್ಲಿ ಅವ್ವ ಒದ್ದೆ ಸೀರೆಯಲ್ಲೇ ಓಡಿ ಬಂದಳು. ಅವಳ ಕೈಯಲ್ಲಿ ನನ್ನ ತಾಯಿ ಕಾರ್ಡ್ ಇತ್ತು. ಅಟ್ಟದಿಂದ ಅದನ್ನು ಎಂದೋ ಇಳಿಸಿ, ತನ್ನ ಟ್ರಂಕಿನಲ್ಲಿ ಬಚ್ಚಿಟ್ಟಿದ್ದಳಂತೆ. ಬಚ್ಚಿಡುವ ಬುದ್ಧಿ ಇದ್ದವಳಿಗೆ ಬಾಯಿ ಇರಲಿಲ್ಲ. ನನಗೆ ಆ ಹೊತ್ತಿನಲ್ಲಿ ಅವಳ ಮೇಲೂ ಸಿಟ್ಟು ಬಂತು.

ಅಂಬ್ಯುಲೆನ್ಸಿನಲ್ಲಿ ನಾನು, ಅವ್ವ, ನರ್ಸಬಾಯಿ. ಅವಳು ನನ್ನ ಹೊಟ್ಟೆಯ ಮೇಲೆ ಕೊಳವೆ ಇಟ್ಟು, ಗಡಿಯಾರ ನೋಡುತ್ತ ಕೂಸಿನ ಎದೆಬಡಿತ ಹುಡುಕಿದಳು. ರಸ್ತೆಯ ಕುಲುಕಾಟಕ್ಕೆ ಎರಡು ಸಲ ತಪ್ಪಿತು. ಮೂರನೆಯ ಸಲ, "ಐತಿ," ಎಂದಳು. ನಾನು ಅಳತೊಡಗಿದೆ.

"ಅಳಬ್ಯಾಡ. ಅತ್ರ ಮತ್ತಷ್ಟು ಏರತೈತಿ." ಕೊಳವೆ ಚೀಲಕ್ಕೆ ಹಾಕುತ್ತ ಕೇಳಿದಳು, "ಆವತ್ತ ಮಾಳಿಗಿ ಮ್ಯಾಲ ನಿಂತು ನಕ್ಕಾಕಿ ನೀನಾ ಅಲ್ಲೇನು?"

"ಹೂಂ."

"ನಾ ಮರತಿಲ್ಲ. ಕೈ ಸಡಲ ಬಿಡು, ಪಟ್ಟಿ ಕಟ್ಟಬೇಕು."

ರಾಮದುರ್ಗದ ಆಸ್ಪತ್ರೆಯಲ್ಲಿ ಫಿಟ್ಸ್ ಬರದಿರಲೆಂದು ಇಂಜೆಕ್ಷನ್ ಕೊಟ್ಟರು. ಮೈಯೆಲ್ಲ ಬೆಂಕಿ ಹರಿದಂತಾಯಿತು. ಕೂಸು ಏಳು ತಿಂಗಳಿನದು, ದೊಡ್ಡ ಆಸ್ಪತ್ರೆಯೇ ಬೇಕು ಎಂದು ಅಲ್ಲಿಂದ ಬೆಳಗಾವಿಗೆ ಕಳಿಸಿದರು. ನರ್ಸಬಾಯಿ ಚೀಟಿಯನ್ನು ಅವ್ವನ ಕೈಗಿತ್ತು, ಹೋಗುತ್ತೇನೆ ಎಂದೂ ಹೇಳದೆ ಬಸ್ ನಿಲ್ದಾಣದ ಕಡೆ ನಡೆದಳು. ಯರಗಟ್ಟಿ ದಾಟುವವರೆಗೆ ನನಗೆ ಎಚ್ಚರವಿತ್ತು. ಆಮೇಲಿನದು ನೆನಪಿಲ್ಲ. ಎಚ್ಚರವಾಗುವ ಹೊತ್ತಿಗೆ ಬೆಳಗಾವಿಯ ಆಸ್ಪತ್ರೆಗೆ ಗಂಡನೂ ಅಪ್ಪನೂ ಬಂದಿದ್ದರು.

ಬೆಳಗಾವಿಯ ಡಾಕ್ಟರ್ ಹೆಂಗಸು. ಸ್ಕ್ಯಾನ್ ಮಾಡಿ, ಕಾರ್ಡಿನಲ್ಲಿದ್ದ ಕೆಂಪು ಅಂಕಿಯ ಮೇಲೆ ಬೆರಳಿಟ್ಟು ಅಪ್ಪನನ್ನೂ ನನ್ನ ಗಂಡನನ್ನೂ ಒಳಗೆ ಕರೆಸಿದಳು.

"ಎರಡ ವಾರದ ಹಿಂದ ಬರದಾರಲ್ಲ. ಎಲ್ಲಿದ್ರಿ ಇಷ್ಟ ದಿನಾ?"

"ಅದನ್ನ ಬರದಾಕಿ ನಮ್ಮ ವೈರಿ ಮನ್ಯಾಕಿರೀ ಡಾಕ್ಟರ," ಎಂದ ಅಪ್ಪ.

"ಬಿ.ಪಿ.ಗೆ ವೈರಿ, ಬೀಗರು ಗೊತ್ತಾಗತೈತೇನ್ರಿ?" ಡಾಕ್ಟರ್ ಅವನನ್ನು ಕೆಟ್ಟದಾಗಿ ನೋಡಿದಳು. "ಹೊಲಕ್ಕ ಕಾಲುವಿ ನೀರು ಐತೇನು?"

"ಐತ್ರಿ. ತುದಿ ಹೊಲ."

"ಹಂಗಾರ ತಿಳೀತೈತಿ. ಕಾಲುವಿ ಬಿಗದ್ರ ತುದಿ ಹೊಲಾ ಒಣಗತೈತಿ, ಹಂಗನ ಇದು. ತಾಯಿ ರಕ್ತ ಮಾಸಿನಾಗ ಹಾದು ಕೂಸಿಗೆ ಮುಟ್ಟಬೇಕು. ಅಲ್ಲಿ ರಕ್ತದ ನಾಳ ಸಣ್ಣಾಗಿ, ಬಿಗಿಯಾಗಿ ಕುಂತಾವು. ಇಕಿ ಎಷ್ಟ ಹೋಳಿಗಿ ತಿಂದ್ರೂ ಕೂಸಿಗೆ ಮುಟ್ಟಂಗಿಲ್ಲ. ಮೂವತ್ತೆರಡು ವಾರದ ಕೂಸು ಇಪ್ಪತ್ತೆಂಟು ವಾರದ್ದರ ಅಳತಿ ಐತಿ. ಸುತ್ತಲಿನ ನೀರೂ ಕಡಿಮಿ ಆಗೇತಿ. ಇದ್ದ ರಕ್ತಾನ ಅದು ತಲಿಗೆ, ಎದಿಗೆ ಇಟಗೊಂಡು ಜೀವಾ ಹಿಡದೈತಿ. ಮೈ ಬೆಳಸಾಕ ಉಳದಿಲ್ಲ."

ಅಪ್ಪ ತಲೆ ಅಲ್ಲಾಡಿಸಿದ. ನೀರಿನ ಮಾತು ಅವನಿಗೆ ತಿಳಿಯಿತು. ಮಗಳ ಮಾತು ತಿಳಿದಿರಲಿಲ್ಲ. ಗಂಡ ಗೋಡೆ ನೋಡುತ್ತ ನಿಂತಿದ್ದ. ಹೊರಗೆ ಹೋದ ಮೇಲೆ ಅವನು ಅಪ್ಪನಿಗೆ ಹೇಳಿದ ಮಾತು ನನಗೆ ಬಾಗಿಲ ಸಂದಿನಿಂದ ಕೇಳಿಸಿತು. "ನಿಮ್ಮ ಮಾತು ಕೇಳಿದೆ. ಅದು ನನ್ನ ತಪ್ಪು. ಇನ್ನ ನೀವು ಊರಿಗೆ ಹೋಗ್ರಿ." ಮದುವೆಯಾದಾಗಿನಿಂದ ಅವನು ಮಾವನೆದುರು ತಲೆ ಎತ್ತಿದ್ದು ಅದೇ ಮೊದಲು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಹದಿನೈದು ದಿನ ತಡವಾಗಿ ಬಂದ ಗಂಡಸುತನ ಎಂದುಕೊಂಡೆ.

ಕೂಸಿನ ಶ್ವಾಸಕೋಶ ಬಲಿಯಲೆಂದು ನನಗೆ ಎರಡು ದಿನ ಇಂಜೆಕ್ಷನ್ ಕೊಟ್ಟರು. ಮೂರನೆಯ ದಿನದ ಸ್ಕ್ಯಾನಿನಲ್ಲಿ ಹೊಕ್ಕುಳಬಳ್ಳಿಯ ಹರಿವು ಇನ್ನೂ ಕೆಟ್ಟಿತ್ತು. ಕಾಯುವಂತಿಲ್ಲ ಎಂದು ಆಪರೇಷನ್ ಮಾಡಿದರು. ಹೆಣ್ಣುಕೂಸು. ಒಂದು ಕಿಲೋ ಎರಡುನೂರಾ ಎಂಬತ್ತು ಗ್ರಾಂ.

ಅದನ್ನು ಮೊದಲ ಸಲ ಗಾಜಿನ ಪೆಟ್ಟಿಗೆಯೊಳಗೆ ನೋಡಿದಾಗ ನನಗೆ ಮಮತೆ ಉಕ್ಕಲಿಲ್ಲ, ಅಂಜಿಕೆಯಾಯಿತು. ಕೂಸುಗಳ ಚಿತ್ರದಲ್ಲಿ ಇರುವ ಯಾವುದೂ ಅದರಲ್ಲಿ ಇರಲಿಲ್ಲ. ಗಲ್ಲವಿಲ್ಲ, ತೊಡೆಯಿಲ್ಲ. ಚರ್ಮ ಅಳತೆ ತಪ್ಪಿ ಹೊಲಿದ ಅಂಗಿಯಂತೆ ಜೋಲುತ್ತಿತ್ತು. ಹಣೆಯ ಮೇಲೆ ಮುದುಕಿಯ ಗೆರೆಗಳು. ಮೂಗಿಗೆ ಗಾಳಿಯ ಕೊಳವೆ, ಬಾಯಿಗೆ ಹಾಲಿನ ನಳಿಗೆ. ಒಳಗೆ ಹಸಿವಿನಲ್ಲಿ ಬೆಳೆದ ಕೂಸು ಹೀಗೇ ಇರುತ್ತದೆ ಎಂದರು ಅಲ್ಲಿಯ ನರ್ಸ್. ನಾನು ಹೋಳಿಗೆ ತಿನ್ನುತ್ತ ಬಾಗಿಲು ಬಡಿಯುವ ಸದ್ದು ಕೇಳುತ್ತ ಕುಳಿತಿದ್ದ ಆ ಮಧ್ಯಾಹ್ನ ಇದು ಒಳಗೆ ಉಪವಾಸವಿತ್ತು.

ನಲವತ್ತೊಂದು ದಿನ ಅಲ್ಲಿದ್ದೆವು. ಉಸಿರು ಎರಡು ಸಲ ನಿಂತು ಮತ್ತೆ ಬಂತು. ಮೂರನೆಯ ವಾರದಿಂದ ಅದನ್ನು ನನ್ನ ಎದೆಗೆ, ಬರಿಮೈಗೆ ಬರಿಮೈ ತಾಗುವಂತೆ ಕಟ್ಟಿಕೊಡತೊಡಗಿದರು. ತಾಸುಗಟ್ಟಲೆ ಹಾಗೆ ಕುಳಿತಿರುತ್ತಿದ್ದೆ. ಕಣ್ಣಿನ ಡಾಕ್ಟರ್ ಬಂದು, ತಿಂಗಳು ತುಂಬದೆ ಹುಟ್ಟಿದ್ದಕ್ಕೆ ಕಣ್ಣೊಳಗಿನ ರಕ್ತನಾಳ ಸರಿಯಾಗಿ ಬೆಳೆದಿಲ್ಲ ಎಂದು ಲೇಸರ್ ಮಾಡಿದರು. "ಎರಡು ವಾರ ಮೊದಲು ಬಂದಿದ್ದರೆ?" ಎಂದು ನಾನು ಡಾಕ್ಟರನ್ನು ಕೇಳಿದೆ. "ಬಿ.ಪಿ. ಬರೂದನ್ನ ಯಾರಿಂದಲೂ ತಪ್ಪಸಾಕ ಆಗತಿರಲಿಲ್ಲ," ಎಂದಳು. "ಗುಳಿಗಿ ಕೊಟ್ಟು, ದಿನಾ ಕಣ್ಣಿಟ್ಟು, ಇನ್ನೊಂದಿಷ್ಟ ದಿನಾ ಒಳಗ ಇಡಾಕ ಆಗತಿತ್ತೋ ಏನೋ. ಹೇಳಾಕ ಬರೂದಿಲ್ಲ." ಅವಳು ಸುಳ್ಳು ಸಮಾಧಾನ ಹೇಳುವ ಪೈಕಿ ಅಲ್ಲ. ಆ 'ಹೇಳಾಕ ಬರೂದಿಲ್ಲ' ನನ್ನ ಜೊತೆ ಬೈಲಹೊಂಗಲಕ್ಕೆ ಬಂತು. ಬಾಣಂತನಕ್ಕೆ ತವರಿಗೆ ಹೋಗಲಿಲ್ಲ. ಅವ್ವನೇ ಬಂದಳು.

ಕೂಸಿಗೆ ನಾಲ್ಕು ತಿಂಗಳಾದಾಗ ಅಪ್ಪ ಬಂದ. ಕೂಸನ್ನು ನೋಡಿ, "ಆಕಿ ಕಣ್ಣು ಬಿದ್ದು ಹಿಂಗಾತು," ಎಂದ. ಆಮೇಲೆ ಕಿಸೆಯಿಂದ ಒಂದು ಕಾಗದ ತೆಗೆದ. ಆರೋಗ್ಯಾಧಿಕಾರಿಗೆ ಬರೆಸಿದ ಅರ್ಜಿ. ನರ್ಸಬಾಯಿ ಹಳೆಯ ದ್ವೇಷದಿಂದ ಬಸುರಿಯನ್ನು ಅಂಜಿಸಿದಳು, ಆ ಅಂಜಿಕೆಗೇ ಬಿ.ಪಿ. ಏರಿತು, ಊರ ಮುಂದೆ ಅವಾಚ್ಯವಾಗಿ ಬೈದಳು, ಅವಳನ್ನು ಬೇರೆ ಕಡೆ ವರ್ಗ ಮಾಡಬೇಕು. ಕೆಳಗೆ ನನ್ನ ಹೆಸರು, ಸಹಿಗೆ ಜಾಗ.

"ನಿನ್ನ ಸಹಿ ಬಿದ್ರ ಸಾಕು. ಕೇಸಿಗೂ ಅನುಕೂಲ ಆಗತೈತಿ. ವಕೀಲರು ಹೇಳ್ಯಾರ."

ಕೂಸು ನನ್ನ ತೊಡೆಯ ಮೇಲಿತ್ತು. ನಾಲ್ಕು ತಿಂಗಳಿಗೆ ಅದರ ತೂಕ ಆಗತಾನೇ ಹುಟ್ಟಿದ ಬೇರೆ ಕೂಸಿನಷ್ಟು.

"ಅಪ್ಪಾ, ಬದುವಿನ ಕಲ್ಲು ಸರಿಸಿದ್ದು ಯಾರು?"

"ಈಗ ಯಾಕ ಆ ಮಾತು?"

"ಕೋರ್ಟಿನಾಗ ನನ್ನ ಸಾಕ್ಷಿ ಬೇಕಂದ್ರ ಬರತೇನಿ. ಯಾರು ಸರಿಸಿದ್ರು ಅಂತ ಹೇಳತೇನಿ. ಬಾಗಲಾ ಯಾರು ಹಾಕಿದ್ರು, ಕಾರ್ಡ ಯಾರು ಒಗದ್ರು, ಅದನ್ನೂ ಹೇಳತೇನಿ. ಒಳಗ ಕುಂತು ಬಾಯಿ ಮುಚಕೊಂಡಿದ್ದು ನಾನಾ ಅಂತನೂ ಹೇಳತೇನಿ."

"ಹೆತ್ತ ಅಪ್ಪನ ಮ್ಯಾಲ?"

"ಹೂಂ."

ಅವನು ಕಾಗದ ಮಡಚಿ ಕಿಸೆಗೆ ಇಟ್ಟುಕೊಂಡ. ಅವ್ವ ಮಾಡಿದ ಚಹಾ ಕುಡಿಯಲಿಲ್ಲ. ಮೆಟ್ಟಿಲು ಇಳಿಯುವಾಗ, "ನನ್ನ ಮನಿ ಹೊಸ್ತಲಾ ಇನ್ನ ನೀ ತುಳೀಬ್ಯಾಡ," ಎಂದ. "ತುಳಿಯೂದಿಲ್ಲ," ಎಂದೆ. ನಾಲ್ಕು ವರ್ಷದಿಂದ ಇಬ್ಬರೂ ಮಾತು ಉಳಿಸಿಕೊಂಡಿದ್ದೇವೆ. ಕೇಸು ಇನ್ನೂ ನಡೆದಿದೆ. ನನ್ನನ್ನು ಯಾರೂ ಸಾಕ್ಷಿಗೆ ಕರೆದಿಲ್ಲ.

ಮಗಳು ಈಗ ಅಂಗನವಾಡಿಗೆ ಹೋಗುತ್ತಾಳೆ. ಓರಗೆಯವರಿಗಿಂತ ಗಿಡ್ಡ, ತೆಳ್ಳಗೆ, ದಪ್ಪ ಕನ್ನಡಕ. ನಡೆಯುವುದು ತಡವಾಯಿತು, ಮಾತು ತಡವಾಗಲಿಲ್ಲ. ಬಂದವರು, "ಯಾಕ ಇಷ್ಟ ಸೊರಗ್ಯಾಳ, ಹೊಟ್ಟಿಗಿ ಹಾಕೂದಿಲ್ಲೇನು?" ಎಂದು ನನ್ನನ್ನೇ ಕೇಳುತ್ತಾರೆ. ಮೊದಲು ವಿವರಿಸುತ್ತಿದ್ದೆ. ಈಗ, "ಇಲ್ಲ, ಹಾಕೂದಿಲ್ಲ," ಎಂದುಬಿಡುತ್ತೇನೆ.

ಹೋದ ವರ್ಷ ಸೋದರಮಾವನ ಮನೆಯ ಕಾರ್ಯಕ್ಕೆ ರಾಮದುರ್ಗಕ್ಕೆ ಹೋಗಿದ್ದೆ. ಬಸ್ ನಿಲ್ದಾಣದಲ್ಲಿ ನರ್ಸಬಾಯಿ ನಿಂತಿದ್ದಳು. ನಾನೇ ಹತ್ತಿರ ಹೋದೆ. ಏನು ಹೇಳಬೇಕೆಂದು ಎಷ್ಟೋ ಸಲ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. ಅದನ್ನೆಲ್ಲ ಬಿಟ್ಟು, "ಅಪ್ಪ ಅರ್ಜಿ ತಂದಿದ್ದ. ನಾ ಸಹಿ ಮಾಡಲಿಲ್ಲ," ಎಂದೆ.

"ಗೊತ್ತೈತಿ. ಮಾಡಿದ್ರೂ ನನ್ನ ನೌಕರಿ ಹೋಗತಿರಲಿಲ್ಲ." ಅವಳು ನನ್ನನ್ನು ಬಿಟ್ಟು ಮಗಳನ್ನು ನೋಡಿದಳು. "ತೂಕ ಎಷ್ಟೈತಿ?"

"ಹನ್ನೊಂದೂವರಿ."

"ಕಡಿಮಿ ಆತು. ನಿನ್ನ ಬಿ.ಪಿ. ನೋಡಸ್ತೀಯೇನು? ಬಸಿರಿನಾಗ ಏರಿದವರಿಗೆ ಮುಂದನೂ ಏರತೈತಿ."

"ಇಲ್ಲ."

"ನೋಡಸು." ಬಸ್ಸು ಬಂತು. ಮಗಳು ಅವಳಿಗೆ ಕೈ ಬೀಸಿದಳು. ಅವಳು ಬೀಸಲಿಲ್ಲ, ಜನರನ್ನು ಸರಿಸಿ ಹತ್ತಿ ಆಚೆ ಬದಿಯ ಕಿಟಕಿಗೆ ಕುಳಿತಳು.

ಮರುದಿನ ಸಾಲೆಗೆ ಹೋಗುವ ದಾರಿಯಲ್ಲಿ ದವಾಖಾನೆಗೆ ಹೊಕ್ಕು ನೋಡಿಸಿದೆ. ನೂರಾ ನಲವತ್ತಾರು, ತೊಂಬತ್ತಾರು. ಈಗ ದಿನಕ್ಕೊಂದು ಗುಳಿಗೆ ನುಂಗುತ್ತೇನೆ. ಅವಳ ಮೇಲಿನ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ. ನಮ್ಮ ಮನೆಯ ಬಗ್ಗೆ ಅವಳು ಆಡಿದ ಪ್ರತಿ ಮಾತೂ ಖರೇ ಇತ್ತು, ಅದನ್ನು ಕ್ಷಮಿಸುವುದು ಸುಲಭವಲ್ಲ.